ಸಾಯಲು ಬಾರದ ವೆಂಡೆಲ್

ಬುಡಾಪೆಸ್ಟಿನ ವಿನೋದ ರಂಗಮಂದಿರವೊಂದರಲ್ಲಿ ವೆಂಡೆಲ್ ಕೊಚೋರ್ ಇಪ್ಪತ್ತೆರಡು ವರ್ಷದಿಂದ ಬೀಳುವ ಕೆಲಸ ಮಾಡುತ್ತಿದ್ದ. ಏಣಿಯಿಂದ, ಉಯ್ಯಾಲೆಯಿಂದ, ಒಂದರ ಮೇಲೊಂದು ಪೇರಿಸಿದ ಐದು ಮೇಜುಗಳಿಂದ. ನಮ್ಮಂಥವರು ಬಿದ್ದರೆ ಯಾರಾದರೂ ನೋಡಿಬಿಟ್ಟರೇ ಎಂದು ಸುತ್ತ ಕಣ್ಣಾಡಿಸುತ್ತೇವೆ. ಅವನು ಬಿದ್ದರೆ ನಾನೂರು ಜನ ನೋಡಲೇಬೇಕು. ಬಿದ್ದ ಮರುಕ್ಷಣ ಚೆಂಡಿನಂತೆ ಪುಟಿದೆದ್ದು, ಎರಡೂ ಕೈ ಚಾಚಿ, ಹಲ್ಲು ಕಿರಿದು, ಸೊಂಟ ಬಾಗಿಸಿ ವಂದಿಸುವನು. ಮಂದಿರವೆಲ್ಲ ನಗುವುದು.

ನಗಿಸಿ ನಗಿಸಿ ಅವನಿಗೆ ಸಾಕಾಗಿತ್ತು. ಒಮ್ಮೆಯಾದರೂ ತನಗಾಗಿ ಯಾರಾದರೂ ಅಳಬೇಕು ಎಂಬ ಆಸೆ ನಲವತ್ತೇಳನೇ ವಯಸ್ಸಿನಲ್ಲಿ ಹುಟ್ಟಿಕೊಂಡಿತ್ತು. ಅಷ್ಟರಲ್ಲಿ ಮೂಕಿ ಚಲನಚಿತ್ರದವರು ಬಂದರು. ಕಥೆಯೂ ರಂಗಮಂದಿರದವರದೇ: ಹೊಟ್ಟೆಕಿಚ್ಚಿನ ಜೊತೆಗಾರ ಉಯ್ಯಾಲೆಯ ಹಗ್ಗ ಕೊಯ್ಯುತ್ತಾನೆ, ಆಟಗಾರ ಬಿದ್ದು ಸಾಯುತ್ತಾನೆ, ಹೆಂಡತಿ ದೂರ ನಿಂತು ಅಳುತ್ತಾಳೆ. ಸಾಯುವ ಆಟಗಾರನ ಪಾತ್ರ ವೆಂಡೆಲನಿಗೆ ಸಿಕ್ಕಿತು, ಹೆಂಡತಿಯ ಪಾತ್ರಕ್ಕೆ ಅವನ ಹೆಂಡತಿ ಎತೆಲ್ಕಾಳೇ ಬಂದಳು. ದಿನಾ ಇಬ್ಬರು ಗಂಡಸರನ್ನು ಭುಜದ ಮೇಲೆ ಹೊತ್ತು ನಿಲ್ಲುವ ಗಟ್ಟಿಗಿತ್ತಿ ಅವಳು.

ಬಿಸಿಲಿನ ಬೆಳಕಲ್ಲೇ ಚಿತ್ರ ತೆಗೆಯಲು ಕಟ್ಟಿದ ಗಾಜಿನ ಚಾವಣಿಯಡಿ ಕ್ಯಾಮೆರಾದ ಹಿಡಿ ತಿರುಗತೊಡಗಿತು. ವೆಂಡೆಲ್ ಮೇಲಿನಿಂದ ಎಷ್ಟು ಸೊಗಸಾಗಿ ಬಿದ್ದನೆಂದರೆ ಬಡಗಿಗಳೂ ಉಸಿರು ಹಿಡಿದರು. ಮರುಕ್ಷಣ ಪುಟಿದೆದ್ದು ವಂದಿಸಿದ.

"ಅಯ್ಯೋ ಪುಣ್ಯಾತ್ಮ!" ನಿರ್ದೇಶಕ ಸೆಪೆಶಿ ಟೋಪಿ ನೆಲಕ್ಕೆಸೆದ. "ಸತ್ತೋನು ನಮಸ್ಕಾರ ಮಾಡ್ತಾನೇನ್ರೀ?"

"ತಪ್ಪಾಯ್ತು ಸ್ವಾಮಿ. ಬೆನ್ನು ತಾನಾಗೇ ಎದ್ದುಬಿಡ್ತು."

ಎರಡನೇ ಸಲ ಹತ್ತು ಎಣಿಸುವಷ್ಟು ಹೊತ್ತು ಹೆಣವಾಗಿದ್ದ. ಖುಷಿ ತಾಳಲಾರದೆ ಬಡಗಿಯೊಬ್ಬ ಚಪ್ಪಾಳೆ ತಟ್ಟಿದ. ಹೆಣ ಎದ್ದು ಅವನತ್ತ ಮುತ್ತು ತೂರಿತು.

ಬಾಗಿಲ ಬಳಿ ಇದೇ ಪಾತ್ರದ ವೇಷ ತೊಟ್ಟು ಕಾಯುತ್ತಿದ್ದ ಮೂಕಾಭಿನಯದ ಝಿಗಾ ನಕ್ಕ. "ವೆಂಡೆಲಣ್ಣ, ನಿನ್ನ ಕೈಲಿ ಸಾಯಕ್ಕಾಗಲ್ಲ ಬಿಡು. ನಾನು ಹುಟ್ಟಿದಾಗಿಂದ ಅಭ್ಯಾಸ ಮಾಡಿದೀನಿ."

"ಅದಕ್ಕೇ ನಿನ್ನ ಆಟಕ್ಕೆ ಜನ ನಿದ್ದೆ ಮಾಡೋದು," ಎಂದಳು ಎತೆಲ್ಕಾ.

ಸೆಪೆಶಿ ಚಾವಣಿಯತ್ತ ನೋಡಿದ. ಮೋಡ ಬರುತ್ತಿತ್ತು. ಫಿಲ್ಮ್ ಸುರುಳಿಯಲ್ಲಿ ಉಳಿದಿದ್ದು ಒಂದೇ ಸಾವಿಗೆ ಸಾಲುವಷ್ಟು. "ಇದೇ ಕೊನೆ. ಎದ್ರೆ ನಾಳೆಯಿಂದ ಪಾತ್ರ ಝಿಗಾಗೆ. ಮೇಲೆ ಹತ್ತು, ಬೇಗ! ಬಿಸಿಲು ಹೋಗ್ತಿದೆ!"

ವೆಂಡೆಲ್ ಓಡಿದ, ಹತ್ತಿದ, ಹಾರಿದ, ಬಿದ್ದ. ಸತ್ತ. ಒಂದು, ಎರಡು, ಮೂರು... ಎಡಮೊಣಕಾಲು ಅದುರಿತು. ಅದು ಏಳುವ ಮೊದಲ ಲಕ್ಷಣವೆಂದು ಇಡೀ ಪಟ್ಟಣದಲ್ಲಿ ಒಬ್ಬಳಿಗೇ ಗೊತ್ತು. ಎತೆಲ್ಕಾ ಅಳುವ ನಟನೆ ಬಿಟ್ಟು, ಲಂಗ ಎತ್ತಿ ಹಿಡಿದು ಓಡಿ ಬಂದಳು. ಗಂಡನ ಎದೆಯ ಮೇಲೆ ದೊಪ್ಪನೆ ಬಿದ್ದಳು.

"ಎದ್ದೆಯೋ, ನಾನೇ ಕೊಂದುಬಿಡ್ತೀನಿ," ಎಂದು ಕಿವಿಯಲ್ಲಿ ಉಸುರಿದಳು.

ಏಳುವುದಿರಲಿ, ಉಸಿರಾಡುವುದೇ ಕಷ್ಟವಾಗಿತ್ತು. ಎತೆಲ್ಕಾ ಅವನ ಮುಖ ನೋಡಿದಳು. ಸಾವಿರಾರು ಸಲ ಬಿದ್ದದ್ದನ್ನು ಕಂಡವಳು, ಬಿದ್ದು ಸುಮ್ಮನೆ ಮಲಗಿದ್ದನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಬಣ್ಣದಡಿ ಆ ಮುಖ ಎಷ್ಟು ಬಡಕಲಾಗಿತ್ತು! ಮೊದಲು ಮೆಲ್ಲಗೆ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಸೆಪೆಶಿ ಕೂಗುವುದನ್ನೇ ಮರೆತ. ಸುರುಳಿ ಖಾಲಿಯಾಗುವ ತನಕ ಹಿಡಿ ತಿರುಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಆಯ್ತು!" ಎಂದು ಕೊನೆಗೆ ಸೆಪೆಶಿ ಕುಣಿದ. "ಸತ್ರು! ಚೆನ್ನಾಗಿ ಸತ್ರು!"

ವೆಂಡೆಲ್ ಒಂದು ಕಣ್ಣು ತೆರೆದ. "ಯಾರಾದ್ರೂ ಅತ್ತರೇನೇ?"

ಎತೆಲ್ಕಾ ಅವನ ಅಂಗಿಯ ತುದಿಯಲ್ಲೇ ಮೂಗೊರೆಸಿಕೊಂಡಳು.

"ನಾನು ಅತ್ತಿದ್ದು ಸಾಲದಾ, ಮುಠ್ಠಾಳ?"