ಕೌಲಿ ಗೊಡ್ಡಲ್ಲ

ಹರಿಹರಪುರದ ಕಡೆ ನಮ್ಮ ಪಕ್ಕದ ಮನೆ ಕುಸುಮಾಳನ್ನು ಅರಿಯದವರಿಲ್ಲ. ಅಡಿಕೆ ಸುಲಿಯಲು ಕೂತರೆ ಬೇರೆಯವರ ಬುಟ್ಟಿ ಅರ್ಧವಾಗುವಷ್ಟರಲ್ಲಿ ಇವಳದು ತುಂಬಿರುತ್ತದೆ. ಆದರೆ ಊರು ಅವಳನ್ನು ಗುರುತಿಸಿದ್ದು ಆ ಕೈಗುಣದಿಂದಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದರೂ ಮಕ್ಕಳಾಗಲಿಲ್ಲವೆಂದು, ಕರು ಹಾಕದ ದನಕ್ಕೆ ಹೇಳುವ ಮಾತನ್ನೇ ಅವಳಿಗೂ ಹೇಳಿತು: ಗೊಡ್ಡು. ನಾಲಿಗೆಗೆ ಎಲುಬಿಲ್ಲ, ನಮ್ಮೂರಿನ ನಾಲಿಗೆಗಂತೂ ನಾಚಿಕೆಯೂ ಇಲ್ಲ.

ಗಂಡ ಗುರುವ ಒಳ್ಳೆಯವನೇ. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೆಲಸ. ಸಂಜೆ ಸೊಂಟನೋವಿಗೆಂದು ಭಂಗಿ ಎಲೆಯನ್ನು ಬೆಲ್ಲದ ಜೊತೆ ಅರೆದು ನುಂಗುವುದು ಅವನ ಅಪ್ಪನ ಕಾಲದಿಂದ ಬಂದ ರೂಢಿ. ಹೊರಗಿನವರ ಬಾಯಲ್ಲಿ ಅದು ಗಾಂಜಾ ಸೊಪ್ಪು. ಅವರ ಮನೆಯಲ್ಲಿ ಬರೀ ‘ಸೊಪ್ಪು’, ಶುಂಠಿ ಕಷಾಯದ ಹಾಗೆ ಒಂದು ಮದ್ದು.

ಮದುವೆಯಾಗಿ ಕೆಲವು ವರ್ಷಕ್ಕೆ ಅತ್ತೆ ವೆಂಕಮ್ಮ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು. ಸೊಸೆಯನ್ನು ಮಾತ್ರ. ಗಂಡಸಿಗೆಂಥ ಪರೀಕ್ಷೆ? ಅಲ್ಲಿಯ ಡಾಕ್ಟರು ಅವಳಲ್ಲಿ ದೋಷ ಕಾಣದೆ, “ಯಜಮಾನ್ರು ಕುಡೀತಾರಾ? ಬೀಡಿ ಸೇದ್ತಾರಾ?” ಎಂದು ಕೇಳಿದರು.

“ಇಲ್ಲ ಸಾರ್, ಒಂದು ಬೀಡಿ ಸಹ ಮುಟ್ಟಲ್ಲ,” ಎಂದಳು ಕುಸುಮಾ, ಹೆಮ್ಮೆಯಿಂದಲೇ. ಸುಳ್ಳೇನೂ ಹೇಳಲಿಲ್ಲ. ಸೊಪ್ಪನ್ನೂ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಗಂಡನನ್ನೂ ಕರೆತನ್ನಿ ಎಂದ ಡಾಕ್ಟರ ಮಾತನ್ನು ವೆಂಕಮ್ಮ ಬಸ್ಸಿನಲ್ಲೇ ಬಿಟ್ಟು ಇಳಿದಳು.

ಹೋದ ವರ್ಷ ಅವರ ಹಸು ಕೌಲಿ, ಚೊಚ್ಚಲ ಕರು ಹಾಕಿದ ಮೇಲೆ, ಬೆದೆಗೆ ಬರುವುದನ್ನೇ ಬಿಟ್ಟಿತು. “ಇದೂ ಗೊಡ್ಡು ಬಿತ್ತು. ಈ ಮನೇಲಿ ಎಂತ ದೋಷ ಉಂಟೋ,” ಎಂದಳು ವೆಂಕಮ್ಮ, ಸೊಸೆಗೆ ಕೇಳುವ ಹಾಗೆ. ಗುರುವ ದನದ ಡಾಕ್ಟರನ್ನು ಕರೆತಂದ. ಜ್ಯೋತ್ಸ್ನಾ ಎಂದು ಹೆಸರು, ನರಸಿಂಹರಾಜಪುರದ ಹುಡುಗಿ. ತಿನ್ನಲು ಏನು ಕೊಡುತ್ತೀರಿ ಎಂದು ಕೇಳಿದಳು.

“ಹುಲ್ಲು, ಹಿಂಡಿ. ಹಾಲು ಕರೆಯೋವಾಗ ಒದೀತದೆ ಅಂತ ಇವ್ರು ದಿನಾ ಒಂದ್ ಹಿಡಿ ಸೊಪ್ಪು ಹಾಕ್ತಾರೆ,” ಎಂದಳು ಕುಸುಮಾ.

“ಯಾವ ಸೊಪ್ಪು?”

ತಂದು ತೋರಿಸಿದಳು. ಜ್ಯೋತ್ಸ್ನಾ ಮೂಸಿ ನೋಡಿದಳು.

“ಮೊದ್ಲು ಇದನ್ನ ನಿಲ್ಸಿ. ಈ ಸೊಪ್ಪಿನ ಸಾರದಂಥದ್ದೇ ಒಂದು ಪದಾರ್ಥ ಮಿದುಳಲ್ಲಿ ತಾನಾಗೇ ಹುಟ್ಟುತ್ತೆ ಅಮ್ಮ. ಬೆದೆ ತರೋ ಹಾರ್ಮೋನು ಯಾವಾಗ ಬಿಡ್ಬೇಕು, ಯಾವಾಗ ತಡೀಬೇಕು ಅಂತ ಹದ ನೋಡೋದ್ರಲ್ಲಿ ಅದಕ್ಕೂ ಪಾಲುಂಟು. ಹೊರಗಿಂದ ದಿನಾ ಇದು ಬಿದ್ರೆ ಆ ಹದ ಕೆಡಬಹುದು. ಇದೇ ಕಾರಣ ಅಂತ ನಾನು ಆಣೆ ಮಾಡಲ್ಲ. ಆದ್ರೆ ಮೀನು, ಹಕ್ಕಿ, ದನ, ಎಲ್ಲದರ ತಲೇಲೂ ಈ ಏರ್ಪಾಡಿದೆ.”

“ಮನುಷ್ಯರಿಗೆ?”

“ಮನುಷ್ಯರಿಗೂ.”

“ಗಂಡಸ್ರಿಗೆ?”

ಜ್ಯೋತ್ಸ್ನಾ ಒಮ್ಮೆ ಗುರುವನ ಮುಖ ನೋಡಿದಳು. “ಗಂಡಸ್ರಿಗೂ. ವೀರ್ಯದಲ್ಲಿ ಬೀಜ ಕಮ್ಮಿ ಆಗೋದುಂಟು. ಬಿಟ್ರೆ ಎಷ್ಟೋ ಜನಕ್ಕೆ ಸರಿಯಾಗುತ್ತೆ.”

ಬಿಟ್ಟರೆ ಸರಿಯಾಗುತ್ತದೆ ಎಂಬ ಮಾತೇ ಕುಸುಮಾಳಿಗೆ ಚುಚ್ಚಿದ್ದು. ಅವಳ ಮುಟ್ಟು ನಿಂತು ವರ್ಷವಾಗಿತ್ತು. ಗುರುವ ಹಸುವಿನ ಹಗ್ಗ ಹಿಡಿದು ನೆಲ ನೋಡುತ್ತ ನಿಂತಿದ್ದ. ಅಂದಿನಿಂದ ಅವನು ಸೊಪ್ಪು ಮುಟ್ಟಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಕುಸುಮಾಳಿಗೆ ಗಂಡನ ಮೇಲೆ ಸಿಟ್ಟು ಬಂತು, ಹೋಯಿತು. ಆಸ್ಪತ್ರೆಯಲ್ಲಿ ತಾನು ಕೊಟ್ಟ ಉತ್ತರದ ಮೇಲಿನ ಸಿಟ್ಟು ಮಾತ್ರ ಹೋಗಲಿಲ್ಲ. “ಸೊಪ್ಪು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಲ್ದಾ?” ಎಂದು ಇವತ್ತಿಗೂ ನನ್ನನ್ನು ಕೇಳುತ್ತಾಳೆ.

ಸೊಪ್ಪು ನಿಲ್ಲಿಸಿದ ಮೇಲೆ ಕೌಲಿ ಬೆದೆಗೆ ಬಂತು, ಗಬ್ಬವೂ ಆಯಿತು. ವೆಂಕಮ್ಮ ಕೊಟ್ಟಿಗೆಗೆ ಬಂದು ಅದರ ಹಣೆಗೆ ಕುಂಕುಮವಿಟ್ಟು, ಬೆನ್ನು ಸವರಿದಳು. “ತಪ್ಪಾಯ್ತು ತಾಯಿ. ಸುಮ್ನೆ ನಿನ್ನ ಗೊಡ್ಡು ಅಂದೆ.”

ಸಗಣಿ ಬಾಚುತ್ತಿದ್ದ ಕುಸುಮಾ ಎದ್ದು ನಿಂತಳು. “ಅತ್ತೆ, ಆ ಮಾತು ನಂಗೂ ಒಂದ್ಸಲ ಹೇಳಿ.”

ವೆಂಕಮ್ಮನ ಕೈ ಹಸುವಿನ ಬೆನ್ನ ಮೇಲೇ ಉಳಿಯಿತು. ಕುಸುಮಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಗೊಬ್ಬರದ ಗುಂಡಿಯ ಕಡೆ ನಡೆದಳು.