ಉಪದೇಶಿಯ ಮನೆಯ ಹಿಡಿ ಅಕ್ಕಿ

ನಾನು ಡಿಗ್ರಿ ಮುಗಿಸುವುದು ಎಂದೂ ಆಗದ ಮಾತು ಎಂದವರು ಬೇರೆ ಯಾರೂ ಅಲ್ಲ, ನನಗೆ ಅಕ್ಷರ ಕಲಿಸಿದ ದೊಡ್ಡಪ್ಪ, ಕಂಪ್ಲಿಯ ನಮ್ಮ ಕ್ರೈಸ್ತರ ಕೇರಿಯ ಚರ್ಚಿನಲ್ಲಿ ಪಾದ್ರಿ ಇಲ್ಲದ ದಿನ ಪ್ರಾರ್ಥನೆ ನಡೆಸುವ ಉಪದೇಶಿ ಯೋಹಾನಪ್ಪನವರು. ಇವತ್ತಿಗೂ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಾಗ, ಹುಳ ಹಿಡಿಯದಂತೆ ಹಾಕಿಟ್ಟ ಒಣ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿದರೆ ಆ ಮಾತು, ಅವರ ಮನೆ ಎರಡೂ ಒಟ್ಟಿಗೆ ನೆನಪಾಗುತ್ತವೆ. ಮನೆ ಈಗಿಲ್ಲ. ಕಾಲುವೆ ಏರಿಯ ಕೆಳಗೆ ಅದಿದ್ದ ಜಾಗದಲ್ಲಿ ಅಕ್ಕಿ ಗಿರಣಿಯೊಂದರ ಗೋಡೌನು ನಿಂತಿದೆ. ಎರಡು ಖೋಲಿ, ಮಣ್ಣಿನ ಮಾಳಿಗೆ, ಒಲೆಯ ಪಕ್ಕದ ಗೂಡಿನಲ್ಲಿ ಬೇವಿನೆಲೆ ಹಾಕಿಟ್ಟ ಒಂದು ಗಡಿಗೆ. ನಿಮ್ಮ ಮನೆಯಲ್ಲೂ ಅಂಥದ್ದು ಇದ್ದಿದ್ದರೆ ನಿಮಗೆ ಹೇಳಬೇಕಾದ್ದಿಲ್ಲ. ಅಡುಗೆಗೆ ಅಕ್ಕಿ ತೆಗೆದಾಗಲೆಲ್ಲ ಒಂದು ಹಿಡಿ ಅದರೊಳಗೆ ಹಾಕಬೇಕು. ತಿಂಗಳ ಮೊದಲ ಭಾನುವಾರ ಅದನ್ನು ಚರ್ಚಿಗೆ ಹೊತ್ತುಕೊಂಡು ಹೋಗಿ ಎಲ್ಲರೆದುರು ಚೀಲಕ್ಕೆ ಸುರಿಯಬೇಕು. ಅದು ದೇವರ ಪಾಲು.

ನಾನು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅವ್ವ, ನಾನು ದೊಡ್ಡಪ್ಪನ ಆಸರೆಗೆ ಬಂದಿದ್ದೆವು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆದು ಬಂದು, ನನ್ನ ತೋರುಬೆರಳು ಹಿಡಿದು ಬೈಬಲಿನ ದಪ್ಪ ಅಕ್ಷರಗಳ ಮೇಲೆ ಓಡಿಸುವರು. ಅವರ ಅಂಗೈಗೆ ಸೈಕಲ್ ಚೈನಿನ ಎಣ್ಣೆಯ ವಾಸನೆ. ಕಾಲುವೆ ನೀರು ಬಂದ ಮೇಲೆ ಗೌಡರ ಮನೆಗಳಿಗೆ ಟ್ರ್ಯಾಕ್ಟರು ಬಂದವು, ದೊಡ್ಡಪ್ಪನ ಅಂಗಿಗೆ ತೇಪೆ ಬಂತು. ಗೌಡರೊಬ್ಬರು ಕಳಿಸಿದ ಸಣ್ಣಕ್ಕಿ ಚೀಲವನ್ನು, "ಕೇರಿ ಮಂದಿಗಿ ಇಲ್ದಿದ್ದು ನನಗ್ಯಾಕ್ರಿ" ಎಂದು ಬಂದ ಗಾಡಿಯಲ್ಲೇ ತಿರುಗಿ ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಶುಕ್ರವಾರ ಉಪವಾಸವಿದ್ದು ತಮ್ಮ ಪಾಲಿನ ಅಕ್ಕಿಯನ್ನೂ ಗಡಿಗೆಗೆ ಹಾಕಿಸುತ್ತಿದ್ದರು. "ಮಂದಿ ನಮ್ಮ ಮಾತ್ ಕೇಳಂಗಿಲ್ಲ ಮಾರ್ತವ್ವಾ, ನಮ್ಮ ಮನಿ ನೋಡ್ತಾರ" ಎಂದು ಅವ್ವನಿಗೆ ಹೇಳುತ್ತಿದ್ದರು. ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ನನಗೆ ಕಾಣುತ್ತಿದ್ದುದು ಅವರ ಮುಖವೇ.

ನನಗಾಗ ಒಂಬತ್ತು ವರ್ಷ. ದುರಸ್ತಿಗೆಂದು ಕಾಲುವೆ ಬಂದ್ ಮಾಡಿದ್ದರು, ಗದ್ದೆ ಕೂಲಿ ನಿಂತಿತ್ತು. ದೊಡ್ಡಪ್ಪ ಸಂಡೂರಿನ ಗಣಿ ಕೂಲಿಗಳಿಗೆ ಪ್ರಾರ್ಥನೆ ನಡೆಸಲು ಹದಿನೈದು ದಿನ ಹೋಗಿದ್ದರು. ನನಗೆ ಜ್ವರ ಬಂತು. ಉಣ್ಣುವ ಅಕ್ಕಿ ಮುಗಿದಿತ್ತು. ಅವ್ವ ಗಡಿಗೆಗೆ ಕೈ ಹಾಕಿ ನನಗೆ ಗಂಜಿ ಕಾಸಿದಳು. ನಾಲ್ಕು ದಿನ ಕಾಸಿದಳು.

ತಿಂಗಳ ಮೊದಲ ಭಾನುವಾರ, ಸಂಡೂರಿನಿಂದ ಮರಳಿದ್ದ ದೊಡ್ಡಪ್ಪ ಚರ್ಚಿನಲ್ಲಿ ಗಡಿಗೆ ಬಗ್ಗಿಸಿದಾಗ ಬಿದ್ದದ್ದು ತಳದ ಅಕ್ಕಿ ಮಾತ್ರ. ಹಿಂದಿನಿಂದ ಮುದುಕಿಯೊಬ್ಬಳು, "ಉಪದೇಶಿ ಮನ್ಯಾಗಿನ ಇಲಿ ಭಾಳ ದೊಡ್ಡದೈತಿ ನೋಡ್ರಿ" ಎಂದಳು. ಜನ ನಕ್ಕರು. ದೊಡ್ಡಪ್ಪ ನಗಲಿಲ್ಲ. ಅವ್ವನನ್ನು ಕೇಳಲೂ ಇಲ್ಲ, ನನ್ನ ಕಡೆ ತಿರುಗಿದರು. ಅವರು ಸಂಡೂರಿಗೆ ಹೋಗುವ ಮುಂಚೆಯಷ್ಟೇ ನಾನು ಕದಿಯಬಾರದು, ಸುಳ್ಳು ಸಾಕ್ಷಿ ಹೇಳಬಾರದು ಎನ್ನುವ ಬೈಬಲಿನ ಹತ್ತು ಆಜ್ಞೆಗಳನ್ನು ತಪ್ಪಿಲ್ಲದೆ ಒಪ್ಪಿಸಿ ಶಭಾಷ್ ಅನ್ನಿಸಿಕೊಂಡಿದ್ದೆ.

"ಎದ್ದು ನಿಂತು ಖರೇ ಹೇಳವ್ವಾ. ಯಾರ್ ತಗದ್ರು?"

"ಅವ್ವ ತಗದಾಳ್ರಿ."

ಜ್ವರದ ವಿಷಯ ಹೇಳಬೇಕೆಂದು ಹೊಳೆಯಲಿಲ್ಲ. ಕೇಳಿದ್ದು ಯಾರು ಎಂದಷ್ಟೇ. ಸರಿ ಉತ್ತರ ಕೊಟ್ಟ ಹೆಮ್ಮೆಯಲ್ಲಿ ಕೈ ಕಟ್ಟಿ ನಿಂತಿದ್ದೆ.

ಹೊಸಪೇಟೆಯಿಂದ ತಿಂಗಳಿಗೊಮ್ಮೆ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಬರುತ್ತಿದ್ದ ಪಾದ್ರಿ ಅಯ್ಯನವರು, "ಇರ್ಲಿ ಬಿಡ್ರಿ, ಕೂಸಿನ ಹೊಟ್ಟಿಗೇ ಹೋಗಿರ್ತೈತಿ" ಎಂದರು. ದೊಡ್ಡಪ್ಪ ಬಿಡಲಿಲ್ಲ. "ನನ್ನ ಮನ್ಯಾಗ ಬಿಟ್ಟು ಬ್ಯಾರೆಯವರಿಗೆ ಹೆಂಗ ಹೇಳ್ಲಿ, ಅಯ್ಯನವರ?" ಅವ್ವ ಸಭೆಯ ಮುಂದೆ ನಿಂತು ಕಳವು ಮಾಡಿದೆ ಎಂದು ಒಪ್ಪಿಕೊಳ್ಳುವ ತನಕ ಆಕೆಗೆ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ, ಬಾಗಿಲ ಹೊರಗೆ ಚಪ್ಪಲಿ ಬಿಡುವಲ್ಲಿ ಕೂರಬೇಕು ಎಂದು ತೀರ್ಮಾನಿಸಿದರು.

ಅವ್ವ ದನಿ ಏರಿಸಲಿಲ್ಲ. "ಹಾಕಿದ ಕೈನೂ ನಂದ, ತಗದ ಕೈನೂ ನಂದ. ಕಳವು ಅನ್ನಂಗಿಲ್ಲ ಭಾವನೋರ."

"ದೇವರ ಅಕ್ಕಿ ತಿನಿಸಿ ಬೆಳಸ್ತಿ. ಮಗಳು ಡಿಗ್ರಿ ಮಾಡ್ತಾಳಂತ ಕನಸ್ ಕಾಣಬ್ಯಾಡ. ಎಂದೂ ಆಗಂಗಿಲ್ಲ."

ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ಒಂದು ಹಿಡಿ ಅಕ್ಕಿ ಗಡಿಗೆಗೆ ಹಾಕಿದಳು. ಹನ್ನೆರಡು ವರ್ಷ ಹಾಕಿದಳು. ಹನ್ನೆರಡು ವರ್ಷ ಪ್ರತಿ ಭಾನುವಾರ ತಲೆಗೆ ಸೆರಗು ಹೊದ್ದು ಚಪ್ಪಲಿಗಳ ನಡುವೆ ಕೂತಳು. ಆಕೆ ಬೇಯಿಸಿದ್ದನ್ನು ದೊಡ್ಡಪ್ಪ ಉಂಡರು, ಅವರಿಗೆ ಆಕೆಯೇ ಬಡಿಸಿದಳು, ಇಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ. ನಾನು ದೊಡ್ಡವಳಾಗಿ ಮೊದಲ ಸಲ ಪ್ರಭು ಭೋಜನಕ್ಕೆ ಮೊಣಕಾಲೂರಿದ ದಿನ, ಹೊಸ ಲಂಗ ಹೊಲಿಸಿಕೊಟ್ಟಿದ್ದ ಅವ್ವ ಹೊರಗೇ ಇದ್ದಳು. ನಾಲಿಗೆಯ ಮೇಲೆ ರೊಟ್ಟಿ ಅಂಟಿಕೊಂಡಿತು. ನುಂಗಿದೆ.

ಅವರು ಆಗದು ಎಂದದ್ದನ್ನು ಮಾಡಿ ತೋರಿಸಿದರೆ, ಅವ್ವನನ್ನು ಒಳಗೆ ಕರೆಯದೆ ಅವರಿಗೆ ಬೇರೆ ದಾರಿಯೇ ಇರುವುದಿಲ್ಲ ಎಂದು ನಾನು ನಂಬಿದ್ದೆ. ಅದಕ್ಕಾಗಿಯೇ ಓದಿದೆ. ಬೆಳಿಗ್ಗೆ ಅವ್ವನ ಜೊತೆ ಕಳೆ ಕಿತ್ತು, ಉಗುರಿನ ಕೆಸರು ಹೋಗುವ ಮುಂಚೆಯೇ ಹೊಸಪೇಟೆ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕೂತ ಹುಡುಗಿ ಮೂಗು ಮುಚ್ಚಿಕೊಂಡು ಎದ್ದು ಹೋದಳು. ಜಾಗ ಸಿಕ್ಕಿತೆಂದು ಪುಸ್ತಕ ಹರವಿ ಕೂತೆ. ಬಿ.ಎ. ಎರಡನೇ ದರ್ಜೆಯಲ್ಲಿ ಪಾಸಾದೆ. ನಮ್ಮ ಕೇರಿಯಲ್ಲಿ ಅದು ಮೊದಲನೆಯದು, ಯಾರ ಮುಲಾಜಿನಿಂದಲೂ ಬಂದದ್ದಲ್ಲ. ಈಗ ಅವ್ವ, ದೊಡ್ಡಪ್ಪ ಇಬ್ಬರೂ ಇಲ್ಲ. ಇರುವವರ ಮುಂದೆ ಹೇಳಿಕೊಳ್ಳುತ್ತೇನೆ, ಅಷ್ಟೇ.

ಪ್ರಮಾಣಪತ್ರ ಬಂದಾಗ, ಅದನ್ನು ಅಯ್ಯನವರ ಕೈಯಿಂದ ಚರ್ಚಿನಲ್ಲೇ ಕೊಡಿಸಬೇಕೆಂದು ದೊಡ್ಡಪ್ಪ ಹಟ ಹಿಡಿದರು. ಅಯ್ಯನವರು ಕೊಟ್ಟರು, ಜನ ಚಪ್ಪಾಳೆ ಹೊಡೆದರು. ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಸಭೆಗೆ ಹೇಳಿದರು: "ಸಣ್ಣಾಕಿದ್ದಾಗ ಇಲ್ಲೇ ನಿಂತು ಖರೇ ಹೇಳಿದ್ಲು. ದೇವರು ಏನ್ ಕೊಟ್ಟಾನ ನೋಡ್ರಿ."

"ಅವ್ವನ್ನ ಒಳಗ ಕರೀರಿ ದೊಡ್ಡಪ್ಪಾ" ಎಂದೆ.

ಅವರು ಬಾಗಿಲ ಕಡೆ ನೋಡಿದರು. "ತಪ್ಪಾತು ಅಂತ ಒಂದ್ ಮಾತ್ ಹೇಳ್ಲಿ. ಈಗಿಂದೀಗ ನಾನ ಹೋಗಿ ಕರ್ಕೊಂಡ್ ಬರ್ತೀನಿ."

ಅವ್ವ ಚಪ್ಪಲಿಗಳ ನಡುವಿನಿಂದ ಏಳಲಿಲ್ಲ. ಎಲ್ಲರೂ ಕಾದರು. ಕೊನೆಗೆ ನಾನೇ ನಡೆದು ಹೋಗಿ, ಬಾಗಿಲಲ್ಲಿ ಕೂತು ಪ್ರಮಾಣಪತ್ರವನ್ನು ಅವ್ವನ ಕೈಗಿಟ್ಟೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು, ಓದಲು ಬಾರದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು, ಮಡಿಕೆ ಬೀಳದಂತೆ ನಿಧಾನಕ್ಕೆ ನನಗೇ ತಿರುಗಿ ಕೊಟ್ಟಳು.

"ಚಲೋ ಆತು. ಒಳಗ ಹೋಗಿ ನಿಮ್ಮ ದೊಡ್ಡಪ್ಪನ ಕೈಯಾಗ ಕೊಡು. ನೀ ಅವರ ಮಗಳು."