ಹೊಳೆಗೆ ಬಿದ್ದ ಆಟಿಕೆ ರೈಲು

ನನಗೆ ಎಂಟು ವರ್ಷವಿದ್ದಾಗ ಅಜ್ಜಿ, ಅಪ್ಪನ ತಾಯಿ, ಯಲಬುರ್ಗಾದಿಂದ ಚಕ್ಕಡಿಯಲ್ಲಿ ಕೊಪ್ಪಳದ ನಮ್ಮ ಮನೆಗೆ ಬಂದಳು. ಹೊಸಪೇಟೆಯಲ್ಲಿದ್ದ ಸೋದರತ್ತೆಗೆ ದಿನ ತುಂಬಿದ್ದವು. ಬಾಣಂತನಕ್ಕೆ ಅಜ್ಜಿ ಹೋಗಬೇಕಿತ್ತು. ಆಕೆ ಅಲ್ಲಿಯವರೆಗೆ ರೈಲು ಹತ್ತಿದವಳಲ್ಲ.

ಆಗ ಊರ ಹೊರಗೆ ಟೆಂಟ್ ಸಿನಿಮಾ ಬಂದಿತ್ತು. ಅಪ್ಪ ಹುರುಪಿನಿಂದ ಎಲ್ಲರನ್ನೂ ಸಂಜೆಯ ಆಟಕ್ಕೆ ಕರೆದೊಯ್ದ. ಕಥೆಯ ಕೊನೆಗೆ ಸೇತುವೆ ಮುರಿದು ರೈಲೊಂದು ಹೊಳೆಗೆ ಬಿತ್ತು. ಹೆಂಗಸರೆಲ್ಲ ಚೀರಿದರು. ಅಜ್ಜಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಕಟ್ಟಿದ ಗಂಟು ಬಿಚ್ಚಿದಳು.

"ನಾ ರೈಲಿಗೆ ಬರಂಗಿಲ್ಲೋ ತಮ್ಮಾ. ನಡುವ ತುಂಗಭದ್ರಾ ಸೇತುವಿ ದಾಟಬೇಕಂತ. ಚಕ್ಕಡಿ ಹೂಡು, ಹೊಳಿ ಹರಗೋಲಿನಾಗ ದಾಟತೀನಿ."

"ಅದು ಖರೇ ರೈಲಲ್ಲಬೇ, ಆಟದ ಸಾಮಾನು," ಎಂದ ಅಪ್ಪ. "ನೀರು ಸಿಡೀತಲ್ಲ, ಒಂದೊಂದು ಹನಿ ರೈಲಿನ ಗಾಲಿಯಷ್ಟಿತ್ತು. ಹೊಳಿಯಾಗ ಅಂಥಾ ಹನಿ ಎಲ್ಲಿರತಾವ?"

ಅಜ್ಜಿ ನಂಬಲಿಲ್ಲ.

ಅಪ್ಪ ಬಡಿಗ. ಮಧ್ಯಾಹ್ನದೊಳಗೆ ಕಟ್ಟಿಗೆಯ ಚೂರುಗಳಿಂದ ಗೇಣುದ್ದದ ಎಂಜಿನ್, ಮೂರು ಡಬ್ಬಿ ಮಾಡಿದ. ಎಮ್ಮೆ ನೀರು ಕುಡಿಯುವ ಕಲ್ಲಿನ ತೊಟ್ಟಿಯ ಮೇಲೆ ಪಟ್ಟಿಗಳ ಸೇತುವೆ ಕಟ್ಟಿದ. ಎಂಜಿನ್ನಿನ ಕೊಳವೆಯಲ್ಲಿ ಹೊಗೆಯಾಡುವ ಚಿಂದಿ ತುರುಕಿ, ಅಜ್ಜಿಯನ್ನು ನೆಲಕ್ಕೆ ಕೂರಿಸಿದ.

"ಕಣ್ಣು ನೀರಿಗೆ ಸಮ ಇರಲಿ. ಈಗ ನೋಡಬೇ, ಎಷ್ಟು ದೊಡ್ಡದು ಕಾಣತೈತಿ!"

ಅವನು ಸನ್ನೆ ಮಾಡಿದೊಡನೆ ನಾನು ನಡುವಿನ ಪಟ್ಟಿ ಎಳೆದೆ. ರೈಲು ದಬದಬನೆ ಬಿತ್ತು. ಆದರೆ ಮುಳುಗಲಿಲ್ಲ, ಬಾತುಕೋಳಿಯ ಹಿಂಡಿನಂತೆ ಸಾಲಾಗಿ ತೇಲಿತು. ಅಪ್ಪನ ಮುಖ ಪೆಚ್ಚಾಯಿತು.

"ಕಟ್ಟಿಗಿ ತೇಲತೈತಿ ಅನ್ನೂದು ಬಡಿಗಗ ಗೊತ್ತಿಲ್ಲೇನೋ!" ಎಂದು ಅಜ್ಜಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹಾಗೆ ಆಕೆ ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ನಂಬಿದೆನೆಂದು ಆಕೆ ಹೇಳಲಿಲ್ಲ. ಒಳಗೆ ಹೋಗಿ ಗಂಟು ಕಟ್ಟಿದಳು.

ಆಕೆಯ ಜೊತೆ ಅಪ್ಪನೂ ನಾನೂ ರೈಲಿನಲ್ಲಿ ಹೋದೆವು. ತುಂಗಭದ್ರೆಯ ಸೇತುವೆ ಬಂದಾಗ ನನ್ನ ಮುಂಗೈ ಹಿಡಿದು ಕಣ್ಣು ಮುಚ್ಚಿದಳು. ಕಬ್ಬಿಣದ ಸದ್ದು ಎದೆಯೊಳಗೇ ಹೊಡೆದಂತಿತ್ತು. ಅರ್ಧ ದಾಟಿದ ಮೇಲೆ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಕೆಳಗೆ ಬಂಡೆಗಳ ನಡುವೆ ಹೊಳೆ ಹೊಳೆಯುತ್ತಿತ್ತು. ಕೈ ಮುಗಿದಳು.

ಅತ್ತೆಗೆ ಹೆಣ್ಣು ಹುಟ್ಟಿತು. ಮೂರು ತಿಂಗಳ ಮೇಲೆ ಅಜ್ಜಿ ಒಬ್ಬಳೇ ರೈಲಿನಲ್ಲಿ ಮರಳಿದಳು. ಇಳಿದವಳ ಕೆನ್ನೆಯ ತುಂಬ ಕಲ್ಲಿದ್ದಲ ಮಸಿ. ದಾರಿಯುದ್ದಕ್ಕೂ ಕಿಟಕಿಯಿಂದ ಮುಖ ತೆಗೆದಿರಲಿಲ್ಲ.

"ಭಾಳ ಲಗೂ ಬಂತೋ ತಮ್ಮಾ," ಎಂದಳು ಅಪ್ಪನಿಗೆ, ಬೇಸರದಿಂದ. "ಇನ್ನಷ್ಟು ಹೊತ್ತು ಕುಂದರಬೇಕಂತಿದ್ದೆ."